ಗಜಪೃಷ್ಠ ಗುಡಿಗಳ ನಕ್ಷೆ ದಾಖಲಾಗಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿಗಳ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಗೋಡೆಗಳನ್ನು ಕೆಡವಿ ಕಾಂಕ್ರೀಟ್, ಗ್ರಾನೈಟ್ ತುಂಬುವ ರೂಢಿ ಕಳವಳಕಾರಿಯಾಗಿದೆ.

ಮಧೂರು ಮಹಾಗಣಪತಿ ದೇವಸ್ಥಾನದ ಗರ್ಭಗುಡಿಯು ಆನೆಯ ಹಿಂಭಾಗದಂತೆ ದುಂಡಾಗಿದ್ದು, ಮೂರು ಅಂತಸ್ತುಗಳ ಮಾಡನ್ನು (ಛಾವಣಿಯನ್ನು) ಹೊತ್ತಿದೆ. ಗಜಪೃಷ್ಠವೆಂಬ ಈ ವಿನ್ಯಾಸ ಬಹಳ ಪ್ರಾಚೀನವಾದುದು. ಮಹಾರಾಷ್ಟ್ರದ ಕಾರ್ಲಾ, ಭಾಜಾಗಳ ಬೌದ್ಧ ಚೈತ್ಯಗಳಲ್ಲೂ (ಗುಹಾ ಪ್ರಾರ್ಥನಾ ಮಂದಿರಗಳಲ್ಲೂ) ಐಹೊಳೆಯ ದುರ್ಗಾ ದೇವಾಲಯದಲ್ಲೂ ಇದೇ ದುಂಡು ಕಾಣಿಸುತ್ತದೆ. ಚಾಲುಕ್ಯರ ಕಾಲದ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕಡೆದ ಆಕಾರವನ್ನು, ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯ ಕುಶಲಕರ್ಮಿಗಳು ಮುರಕಲ್ಲು, ಮರ ಮತ್ತು ಗೋಡೆಗೆ ನೀರು ತಾಗದಂತೆ ಮುಂಚಾಚಿದ ಇಳಿಜಾರು ಮಾಡಿಗೆ ಒಗ್ಗಿಸಿಕೊಂಡದ್ದು ಅಸಾಧಾರಣ ಸಾಧನೆಯೆಂದೇ ನನ್ನ ಭಾವನೆ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಲ್ಲೂ ಇಳಿಜಾರು ಮಾಡಿನ ಇದೇ ತಿಳಿವಳಿಕೆಯಿದೆ.

ಮುರಕಲ್ಲು ಕಡಿದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ರಂಧ್ರಗಳಿಂದ ಕೂಡಿದ ಈ ಕಲ್ಲಿನ ಮೇಲೆ ಸಿಮೆಂಟ್ ಗಾರೆ ಬಳಿದರೆ ಒಳಗಿನ ತೇವ ಹೊರಬರಲಾಗದೆ, ಕೆಲವೇ ಮಳೆಗಾಲಗಳಲ್ಲಿ ಗಾರೆ ಉಬ್ಬಿ ಚಕ್ಕೆ ಏಳುತ್ತದೆ, ಕಲ್ಲೂ ಪುಡಿಯಾಗತೊಡಗುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಆರಗೊಡುತ್ತದೆ.

ಆದ್ದರಿಂದ ಯಾವುದೇ ಹಳೆಯ ಆರಾಧನಾಲಯವನ್ನು ಬಿಚ್ಚುವ ಮೊದಲು ಅದರ ಅಳತೆಯ ನಕ್ಷೆ, ಛಾಯಾಚಿತ್ರಗಳನ್ನು ಕಡ್ಡಾಯವಾಗಿ ದಾಖಲಿಸಬೇಕು. ದುರಸ್ತಿಗೆ ಸುಣ್ಣದ ಕೆಲಸ ಬಲ್ಲವರನ್ನೇ ನೇಮಿಸಬೇಕು. ಆ ದಾಖಲೆಗಳು ಕನ್ನಡ, ಮಲಯಾಳಂ ಎರಡರಲ್ಲೂ ಸಾರ್ವಜನಿಕರಿಗೆ ದೊರೆಯುವಂತೆ ಜಿಲ್ಲಾಡಳಿತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಕುಂಬಳೆ