ನಾಲ್ಕು ಬೇಟೆಗೆ ನಾಲ್ಕು ಕೋವಿ ಬೇಡ, ಒಂದೇ ಸಾಕು

ಮಾನ್ಯ ಸಂಪಾದಕರೇ,

ಪ್ರತಿ ಸೆಪ್ಟೆಂಬರ್‌ನಲ್ಲಿ ನಿಮ್ಮ ಪತ್ರಿಕೆಯಲ್ಲಿ ಕೈಲ್ ಮುಹೂರ್ತದ ಫೋಟೊ ಬರುತ್ತದೆ. ತೋಕ್ ಪೂ (ಕೋವಿ ಹೂ) ಸಿಕ್ಕಿಸಿದ ಕೋವಿಗಳು, ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿ, ಅದಕ್ಕೆ ಗುರಿ ಇಟ್ಟು ನಿಂತ ಹುಡುಗಿಯರು. ಕೊಡಗಿನವನಾದ ನಾನು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರಾಪಿಡ್ಸ್‌ನಲ್ಲಿ ಕೂತು ಅದನ್ನು ನೋಡುತ್ತೇನೆ. ಆಮೇಲೆ ಎರಡೇ ದಿನಕ್ಕೆ ಇಲ್ಲಿನ ನಮ್ಮ ಹುಡುಗರ ಫೋನ್ ಶುರುವಾಗುತ್ತದೆ. "ಅಣ್ಣ, ಈ ಸಲ ನಾವೂ ಬೇಟೆಗೆ ಹೋಗಬೇಕು ಅಂತಿದ್ದೀವಿ, ಯಾವ ಕೋವಿ ತಗೊಳ್ಳಲಿ?" ಒಬ್ಬೊಬ್ಬರಿಗೂ ಒಂದೊಂದು ಗಂಟೆ ಹೇಳಿದ್ದೇ ಹೇಳಿದ್ದೇನೆ. ನಿಮ್ಮ ಪತ್ರಿಕೆಯನ್ನು ಇಲ್ಲಿ ತುಂಬಾ ಜನ ಓದುತ್ತಾರೆ, ಅದಕ್ಕೇ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಮೊದಲೇ ಒಂದು ಮಾತು. ಇದು ಊರಿನ ಶಿಕಾರಿಯ ಕಾಗದ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಕಡೆ ಬೇಟೆ ಮುಗಿದ ಕಥೆ, ಅದು ಮುಗಿದದ್ದು ಒಳ್ಳೆಯದೇ ಆಯಿತು. ಇಲ್ಲಿ ಹಾಗಲ್ಲ. ಯಾವ ಪ್ರಾಣಿಯನ್ನು, ಯಾವ ತಿಂಗಳಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ದಿನಕ್ಕೆ ಎಷ್ಟು ಅಂತ ಸರ್ಕಾರ ಬರೆದಿಟ್ಟಿದೆ. ಫೆಸೆಂಟ್ ಹಕ್ಕಿಯಲ್ಲಿ ದಿನಕ್ಕೆ ಮೂರು ಹುಂಜ ಮಾತ್ರ, ಹೇಂಟೆಯನ್ನು ಮುಟ್ಟುವ ಹಾಗಿಲ್ಲ. ಬೆಳಿಗ್ಗೆ 8ಕ್ಕೆ ಶುರು, ಸಂಜೆ ನಾಲ್ಕೂವರೆಗೆ ಬಂದ್.

ಅಯೋವಾದಲ್ಲಿ ವರ್ಷಕ್ಕೆ ನಾಲ್ಕು ಥರದ ಬೇಟೆ ಸಿಗುತ್ತದೆ. ಅಕ್ಟೋಬರ್ ಕೊನೆಯಿಂದ ಜೋಳದ ಹೊಲದ ಅಂಚಿನಲ್ಲಿ ಫೆಸೆಂಟ್, ಅದೇ ಹೊತ್ತಿಗೆ ಕೆರೆ ಹೊಳೆಗಳಲ್ಲಿ ಕಾಡುಬಾತು, ಡಿಸೆಂಬರ್‌ನಲ್ಲಿ ಜಿಂಕೆ, ವಸಂತದಲ್ಲಿ ಟರ್ಕಿ ಕೋಳಿ. ಅಂಗಡಿಗೆ ಹೋದರೆ ನಾಲ್ಕಕ್ಕೂ ಬೇರೆ ಬೇರೆ ಕೋವಿ ತೋರಿಸುತ್ತಾರೆ. ನನಗೂ ಹಾಗೇ ತೋರಿಸಿದ್ದರು. ಮೂರೂವರೆ ಇಂಚಿನ ತೋಟೆ ತಿನ್ನುವ ಒಂದು ದುಬಾರಿ ಆಟೊಮ್ಯಾಟಿಕ್ ಕೊಂಡೆ. ಎರಡು ಸೀಸನ್ ಭುಜ ನೋಯಿಸಿಕೊಂಡು ಮಾರಿಬಿಟ್ಟೆ.

ಈಗ ನನ್ನ ಹತ್ತಿರ ಇರುವುದು ಒಂದೇ. 12 ಬೋರಿನ ಪಂಪ್ ಕೋವಿ (ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟೆ ಏರಿಸುವುದು), ಮೂರು ಇಂಚಿನ ತೋಟೆವರೆಗೆ ತೆಗೆದುಕೊಳ್ಳುತ್ತದೆ, ನಳಿಗೆಯ ತುದಿಯಲ್ಲಿ ತಿರುಗಿಸಿ ಬದಲಿಸುವ ಚೋಕ್. ಹನ್ನೊಂದು ವರ್ಷದಿಂದ ನಾಲ್ಕೂ ಬೇಟೆಗೆ ಅದೇ ಹೋಗುತ್ತಿದೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆಗೆ 12 ಬೋರ್ ಅನ್ನುವುದು. ಅದರಲ್ಲಿ 28 ಗ್ರಾಂ ಚರೆಯ (ಕಾಳಿನಂಥ ಸಣ್ಣ ಗುಂಡುಗಳ) ಮೆತ್ತನೆ ತೋಟೆಯೂ ಇದೆ, ಅದರ ಎರಡರಷ್ಟು ತೂಕ ಎಸೆಯುವ ತೋಟೆಯೂ ಇದೆ. ಬೇರೆ ಯಾವ ಬೋರಿಗೂ ತೋಟೆ ಇಷ್ಟು ಥರ ಸಿಗುವುದಿಲ್ಲ. ಯಾವ ಹಳ್ಳಿ ಅಂಗಡಿಗೆ ಹೋದರೂ ಇರುತ್ತದೆ.

ಚೋಕ್ ಅಂದರೇನು ಅಂತ ಹುಡುಗರಿಗೆ ಹೇಳುವಾಗ ನಾನು ಅಜ್ಜನ ಕೋವಿಯ ಕಥೆ ಹೇಳುತ್ತೇನೆ. ಅಜ್ಜನದು ಜೋಡುನಳಿಗೆ. "ಹತ್ತಿರಕ್ಕೆ ಬಲ, ದೂರಕ್ಕೆ ಎಡ" ಅನ್ನುತ್ತಿದ್ದರು. ಚಿಕ್ಕವನಿದ್ದಾಗ ಅದೇನೋ ಪದ್ಧತಿ ಇರಬೇಕು ಅಂದುಕೊಂಡಿದ್ದೆ. ಇಲ್ಲಿಗೆ ಬಂದು ಕೋವಿ ಕೊಂಡ ಮೇಲೆ ಗೊತ್ತಾಯಿತು, ಎಡ ನಳಿಗೆಯ ಬಾಯಿ ಕೂದಲೆಳೆಯಷ್ಟು ಬಿಗಿ ಇರುತ್ತದೆ, ಹಾಗಾಗಿ ಚರೆ ಬೇಗ ಹರಡದೆ ದೂರ ಒಟ್ಟಾಗಿ ಹೋಗುತ್ತದೆ ಅಂತ. ಈಗಿನ ಪಂಪ್ ಕೋವಿಗೆ ಆ ಬಿಗಿಯನ್ನು ನಿಮಗೆ ಬೇಕಾದ ಹಾಗೆ ಬದಲಿಸಬಹುದು. ಹೆಬ್ಬೆರಳು ಗಾತ್ರದ ಉಕ್ಕಿನ ಕೊಳವೆ, ಒಂದು ನಿಮಿಷದ ಕೆಲಸ. ಕೋವಿ ಖಾಲಿ ಮಾಡಿ ಆಮೇಲೆ ತಿರುಗಿಸಿ, ಅಷ್ಟೆ.

40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಎಷ್ಟು ಚರೆ ಬೀಳುತ್ತದೆ ಅನ್ನುವುದು ಹಳೇ ಲೆಕ್ಕ. ಎಲ್ಲಕ್ಕಿಂತ ಬಿಗಿಯಾದ ಫುಲ್ ಚೋಕಿಗೆ 70, ನಡುವಿನ ಮಾಡಿಫೈಡ್‌ಗೆ 60, ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್‌ಗೆ 50. ಇದನ್ನು ಓದಿದವರೆಲ್ಲ ಫುಲ್ ಅಂದರೆ ಒಳ್ಳೆಯದು ಅಂತ ತಿಳಿಯುತ್ತಾರೆ. ನಾನೂ ತಿಳಿದಿದ್ದೆ.

ಆ ತಪ್ಪಿಗೆ ನನ್ನ ಮೊದಲನೇ ವರ್ಷದ ಮೂರನೇ ಹಕ್ಕಿ ಬೆಲೆ ಕೊಟ್ಟಿತು. ಫೆಸೆಂಟ್ ಹುಂಜ ಕಾಲ ಬುಡದಿಂದ ಬರ್ರನೆ ಎದ್ದಿತು, ಹದಿನೈದು ಇಪ್ಪತ್ತು ಗಜ ಅಷ್ಟೆ. ಕೆಂಪು ಮುಖ, ಕತ್ತಿನ ಬಿಳಿ ಪಟ್ಟಿ ಎಲ್ಲ ಕಾಣುತ್ತಿತ್ತು. ಈಡು ಹೊಡೆದೆ. ಹಕ್ಕಿಯ ಒಂದು ಕಾಲು ಜೋತುಬಿತ್ತು, ಹಾರುತ್ತಲೇ ಹೋಗಿ ಕೊಯ್ಯದ ಜೋಳದೊಳಗೆ ಇಳಿಯಿತು. ನನ್ನ ಹತ್ತಿರ ನಾಯಿ ಇರಲಿಲ್ಲ. ಒಂದೂವರೆ ಗಂಟೆ ಸಾಲು ಸಾಲು ಹುಡುಕಿದೆ, ಸಿಗಲಿಲ್ಲ. ಎರಡು ಗರಿ ಸಿಕ್ಕವು. ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ದೊಡ್ಡ ಕಾಗದದ ಹಾಳೆ ಕಟ್ಟಿ 20 ಗಜದಿಂದ ಹೊಡೆದು ನೋಡಿದೆ. ಅಂಗಡಿಯವರು ಹಾಕಿಕೊಟ್ಟಿದ್ದ ಫುಲ್ ಚೋಕಿನಲ್ಲಿ ಚರೆ ಎಲ್ಲ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡ ಜಾಗದಲ್ಲೇ ಬಿದ್ದಿತ್ತು, ಹೊರಗೆ ಅಲ್ಲೊಂದು ಇಲ್ಲೊಂದು ತೂತು. ಆ ಅಲ್ಲೊಂದು ಇಲ್ಲೊಂದು ಚರೆಯಲ್ಲಿ ಯಾವುದೋ ಒಂದು ಹಕ್ಕಿಯ ಕಾಲಿಗೆ ತಗುಲಿದ್ದು. ಇಂಪ್ರೂವ್ಡ್ ಸಿಲಿಂಡರ್ ಹಾಕಿ ಹೊಡೆದೆ, ಮೊರದಷ್ಟು ಅಗಲಕ್ಕೆ ಸಮನಾಗಿ ಹರಡಿತು. ಕೋವಿ ಅದೇ, ತೋಟೆ ಅದೇ. ಅಂದಿನಿಂದ ಫೆಸೆಂಟಿಗೆ ಇಂಪ್ರೂವ್ಡ್ ಸಿಲಿಂಡರ್, 5 ಅಥವಾ 6 ನಂಬರ್ ಚರೆ (ನಂಬರ್ ಇಳಿದಷ್ಟೂ ಚರೆ ದಪ್ಪ). ಡಿಸೆಂಬರ್‌ನಲ್ಲಿ ಹಕ್ಕಿ ಹುಷಾರಾಗಿ ದೂರದಿಂದಲೇ ಏಳುವಾಗ ಮಾಡಿಫೈಡ್.

ಬಾತಿಗೆ ಬೇರೆ ಲೆಕ್ಕ. 1991ರಿಂದ ಇಡೀ ಅಮೆರಿಕದಲ್ಲಿ ನೀರಹಕ್ಕಿಗೆ ಸೀಸದ ಚರೆ ನಿಷೇಧ. ಕೆರೆ ತಳದಲ್ಲಿ ಬಿದ್ದ ಚರೆಯನ್ನು ಬಾತುಗಳು ಕಲ್ಲುಮಣ್ಣಿನ ಜೊತೆ ನುಂಗಿ ವಿಷವಾಗಿ ಸಾಯುತ್ತಿದ್ದವು, ಅವನ್ನು ತಿಂದ ಹದ್ದುಗಳೂ ಸಾಯುತ್ತಿದ್ದವು. ಈಗ ಸಾಮಾನ್ಯವಾಗಿ ಉಕ್ಕಿನ ಚರೆ. ಉಕ್ಕು ಸೀಸಕ್ಕಿಂತ ತುಂಬಾ ಹಗುರ, ಅದಕ್ಕೇ ಎರಡು ನಂಬರ್ ದಪ್ಪದ್ದು ತೆಗೆದುಕೊಳ್ಳಬೇಕು. ಸೀಸದಲ್ಲಿ 4 ಸಾಕಾಗುವ ಕಡೆ ಉಕ್ಕಿನಲ್ಲಿ 2. ಉಕ್ಕು ಗಟ್ಟಿ, ನಳಿಗೆಯಲ್ಲಿ ಅದುಮಿಕೊಳ್ಳುವುದಿಲ್ಲ. ಆದ್ದರಿಂದ ಫುಲ್ ತೆಗೆದು ಮಾಡಿಫೈಡ್ ಹಾಕಿ. ಇನ್ನೊಂದು, ಬಾತಿನ ಬೇಟೆಯಲ್ಲಿ ಕೋವಿಯೊಳಗೆ ಒಟ್ಟು ಮೂರು ತೋಟೆಗಿಂತ ಜಾಸ್ತಿ ಹಿಡಿಯಬಾರದು. ಹೊಸ ಕೋವಿಯ ಜೊತೆ ಬರುವ ಆ ಕಡ್ಡಿಯನ್ನು ಬಿಸಾಡಬೇಡಿ, ಅದು ಇದಕ್ಕೇ ಇರುವುದು.

ಟರ್ಕಿಗೆ ಮಾತ್ರ ಬಿಗಿ ಚೋಕ್ ಬೇಕು. ಮರಕ್ಕೊರಗಿ ಅಲ್ಲಾಡದೆ ಕೂತು, ಕೂಗಿ ಕರೆದು, ತಲೆ ಕತ್ತಿಗೆ ಗುರಿ ಇಟ್ಟು ಹೊಡೆಯುವ ಬೇಟೆ ಅದು.

ಜಿಂಕೆಗೆ ಒಂಟಿ ಗುಂಡು, ಅಂದರೆ ಸ್ಲಗ್. ಇಲ್ಲಿ ಪಂಪ್ ಕೋವಿಯ ದೊಡ್ಡ ಉಪಕಾರ ಗೊತ್ತಾಗುತ್ತದೆ. ಮುಂದಿನ ಮುಚ್ಚಳ ಬಿಚ್ಚಿದರೆ ನಳಿಗೆಯೇ ಕೈಗೆ ಬರುತ್ತದೆ. ಒಳಗೆ ಸುರುಳಿ ಗೀರು ಇರುವ ಇನ್ನೊಂದು ನಳಿಗೆ ಸಿಕ್ಕಿಸಿದರೆ ಅದೇ ಕೋವಿ ನೂರು ಗಜಕ್ಕೂ ಜಿಂಕೆ ಕೋವಿ. ಪ್ಲಾಸ್ಟಿಕ್ ಹೊದಿಕೆಯ ಸೇಬೊ ಗುಂಡು ಈ ನಳಿಗೆಗೆ ಮಾತ್ರ. ಎರಡನೇ ನಳಿಗೆ ಬೇಡ ಅನ್ನುವವರು ಸಾದಾ ನಳಿಗೆಗೆ ಇಂಪ್ರೂವ್ಡ್ ಸಿಲಿಂಡರ್ ಹಾಕಿ ರೈಫಲ್ಡ್ ಸ್ಲಗ್ (ಗುಂಡಿನ ಮೈಮೇಲೇ ಗೀರು ಇರುವುದು) ಹೊಡೆಯಬಹುದು. ಆದರೆ 50-60 ಗಜ ದಾಟಬೇಡಿ ಅಂತ ನಾನು ಹೇಳುತ್ತೇನೆ.

ಕಂಪನಿ ಯಾವುದು ಅಂತ ಕೇಳುತ್ತಾರೆ. ರೆಮಿಂಗ್ಟನ್ 870 ಬಂದದ್ದು 1950ರಲ್ಲಿ, ಮಾಸ್‌ಬರ್ಗ್ 500 ಬಂದದ್ದು 1961ರಲ್ಲಿ. ಎರಡಕ್ಕೂ ನಳಿಗೆ, ಚೋಕ್, ಬಿಡಿಭಾಗ ಎಲ್ಲಾ ಕಡೆ ಸಿಗುತ್ತದೆ. ನಾನು ಮಾಸ್‌ಬರ್ಗ್ ಆರಿಸಿದ್ದು ಒಂದೇ ಕಾರಣಕ್ಕೆ. ಅದರ ಸೇಫ್ಟಿ (ಈಡು ತಾನಾಗಿ ಹಾರದಂತೆ ತಡೆಯುವ ಗುಂಡಿ) ಕೋವಿಯ ಮೇಲ್ಭಾಗದಲ್ಲಿ, ಹೆಬ್ಬೆರಳಿಗೆ ಸಿಗುವಂತೆ ಇದೆ, ಎಡಗೈಯವರಿಗೂ ಸರಿ ಹೋಗುತ್ತದೆ. ನನ್ನ ಮಗಳದು ಎಡಗೈ. ಕಂಪನಿಗಿಂತ ಮುಖ್ಯ ಕೋವಿ ನಿಮ್ಮ ಮೈಗೆ ಹೊಂದುವುದು. ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ಅಂಗಡಿಗೆ ಹೋಗಿ. ಖಾಲಿ ಅಂತ ಎರಡು ಸಲ ನೋಡಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕಣ್ಣು ತೆರೆಯಿರಿ. ನಳಿಗೆಯ ತುದಿಯ ಮಣಿ ನೇರ ಕಣ್ಣೆದುರು ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.

20 ಬೋರ್ ಹಗುರ, ನಿಜ. ದಿನವಿಡೀ ಫೆಸೆಂಟ್ ಹಿಂದೆ ನಡೆಯುವವರಿಗೆ ಚೆನ್ನ. ಆದರೆ ಒಂದೇ ಕೋವಿ ಅನ್ನುವವರಿಗೆ, ಉಕ್ಕಿನ ಚರೆಯ ಬಾತು ಬೇಟೆಯೂ ಬೇಕು ಅನ್ನುವವರಿಗೆ 12 ಬೋರೇ ಸರಿ. ಮನೆಯಲ್ಲಿ ಎರಡೂ ಇದ್ದರೆ ತೋಟೆ ಮಾತ್ರ ಒಂದೇ ಜೇಬಿಗೆ ಹಾಕಬೇಡಿ. 20ರ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಅಂದುಕೊಂಡು ಹಿಂದಿನಿಂದ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿದು ಕೈ ಹೋಗುತ್ತದೆ. 20ರ ತೋಟೆಗೆ ಅರಿಶಿನದ ಬಣ್ಣ ಕೊಟ್ಟಿರುವುದು ಇದಕ್ಕೇ.

ಊರಿನಲ್ಲಿ ಹಬ್ಬಕ್ಕೆ ಮಾತ್ರ ಕೋವಿ ಹೊರತೆಗೆಯುವ ನಮ್ಮವರಿಗೂ ಒಂದು ಮಾತು. ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ತೋಟೆಗೆ ಮಾಡಿದವು. ಎರಡೂಮುಕ್ಕಾಲು ಇಂಚಿನ ತೋಟೆ ಅದರಲ್ಲಿ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಮಡಿಚಿದ ಬಾಯಿ ಬಿಚ್ಚಿಕೊಳ್ಳುವುದು ಹೊಡೆದ ಮೇಲೆ. ಆಗ ಜಾಗ ಸಾಲದೆ ಒತ್ತಡ ಏರುತ್ತದೆ. ತೆಂಗಿನಕಾಯಿಗೆ ಈಡು ಹೊಡೆಯುವ ಮುಂಚೆ ನಳಿಗೆಯ ಕೆಳಗೆ ಕೊರೆದ ಅಳತೆಯನ್ನು ದಯವಿಟ್ಟು ಓದಿ, ಗೊತ್ತಾಗದಿದ್ದರೆ ಕೋವಿ ರಿಪೇರಿಯವರಿಗೆ ತೋರಿಸಿ.

ಎಚ್-1ಬಿ, ಅಂದರೆ ಕೆಲಸದ ತಾತ್ಕಾಲಿಕ ವೀಸಾದಲ್ಲಿ ಬಂದ ಹುಡುಗರು ಇದನ್ನು ಗಮನವಿಟ್ಟು ಓದಬೇಕು. ಈ ಥರದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವಂತಿಲ್ಲ, ಅದು ಕೇಂದ್ರ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದು ಕೋವಿ ಮನೆಯಲ್ಲೇ ಇದ್ದರೆ ಅದು ಅಪರಾಧ, ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಕೊಳ್ಳುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿ. ಅಯೋವಾದಲ್ಲಿ 1972ರ ಜನವರಿ 1ರ ನಂತರ ಹುಟ್ಟಿದವರು ಲೈಸೆನ್ಸಿಗೆ ಮುಂಚೆ ಬೇಟೆ ತರಬೇತಿ ಮಾಡಲೇಬೇಕು. ಸುಮ್ನೆ ಶಾಸ್ತ್ರಕ್ಕೆ ಮಾಡಬೇಡಿ, ಕೂತು ಕಲಿಯಿರಿ.

ಮಗಳು ಈ ಬೇಸಿಗೆಯಲ್ಲಿ ಆ ತರಬೇತಿ ಮುಗಿಸಿದಳು. ಅಕ್ಟೋಬರ್ ಕೊನೆಯ ಶನಿವಾರ ಅವಳ ಮೊದಲನೇ ಫೆಸೆಂಟ್ ಬೇಟೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ರೇಂಜಿಗೆ ಹೋಗಿ ಹಾಳೆ ಕಟ್ಟಿ ಹೊಡೆಯುತ್ತೇವೆ. ಹತ್ತಿರದಲ್ಲಿರುವ ಕನ್ನಡದವರು ಕೊಳ್ಳುವ ಮುಂಚೆ ಒಮ್ಮೆ ಹೊಡೆದು ನೋಡಬೇಕು ಅಂದರೆ ಬನ್ನಿ. ತೋಟೆ ನಮ್ಮದೇ, ಕಿವಿಗೆ ಹಾಕುವುದು ಮಾತ್ರ ನಿಮ್ಮದು ತನ್ನಿ.

ಇತಿ ನಿಮ್ಮ ಓದುಗ,
ಸೀಡರ್ ರಾಪಿಡ್ಸ್, ಅಯೋವಾ