ಗಿರಿಗೆ ಕಾಲ್ನಡಿಗೆ, ಊಟಕ್ಕೆ ಊರು

ಮಾನ್ಯ ಸಂಪಾದಕರೇ,

ವಾರಾಂತ್ಯ ಬಂತೆಂದರೆ ಚಿಕ್ಕಮಗಳೂರಿನ ಗಿರಿ ದಾರಿಯ ಕೈಮರದ ಚೆಕ್‌ಪೋಸ್ಟ್‌ನಲ್ಲಿ ಕಾರುಗಳ ಸಾಲು, ಕವಿಕಲ್ ಗಂಡಿಯ ತಿರುವುಗಳಲ್ಲಿ ಹಾರ್ನ್ ಸದ್ದು, ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದೆ ಮಾತಿಗೆ ಮಾತು. ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಪರ್ವತಶ್ರೇಣಿಗೆ ಹೋಗುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಮುಂಗಡ ನೋಂದಣಿ, ಬೆಳಗ್ಗೆ ಮತ್ತು ಮಧ್ಯಾಹ್ನ ಎರಡು ಪಾಳಿ, ಪಾಳಿಗಿಷ್ಟೇ ವಾಹನ ಎಂಬ ನಿಯಮ ಬಂದದ್ದು ಒಳ್ಳೆಯದೇ ಆಯಿತು. ಆದರೆ ಆ ನಿಯಮ ಎಣಿಸುವುದು ಗಾಡಿಗಳನ್ನು. ಗಿರಿಯನ್ನು ನಡೆದು ಹತ್ತಿ, ಇಳಿದು ಬಂದು ಊರಲ್ಲೇ ಉಂಡು ತಂಗುವವರಿಗೆ ಅದರಲ್ಲಿ ಜಾಗವೇ ಇಲ್ಲ. ಗಂಡ ಹೆಂಡತಿ ಇಬ್ಬರೇ ಎರಡು ರಾತ್ರಿಯ ಮಟ್ಟಿಗೆ ಬರುವುದಾದರೆ ಚಿಕ್ಕಮಗಳೂರಿನಷ್ಟು ಒಪ್ಪುವ ಊರು ಇನ್ನೊಂದಿಲ್ಲ. ಅದನ್ನು ಹೇಗೆ ಮಾಡಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ನಿಮ್ಮ ಓದುಗರಿಗೂ ಆಡಳಿತಕ್ಕೂ ತಿಳಿಸಲು ಈ ಪತ್ರ.

ಮೊದಲು ದಿನದ ಆಯ್ಕೆ. ಶನಿವಾರ, ಭಾನುವಾರ ಬೇಡ. ಮಂಗಳವಾರ ಬಂದು ಗುರುವಾರ ಹೊರಡುವಂತಿರಲಿ. ದೀಪಾವಳಿಯ ನರಕ ಚತುರ್ದಶಿಗೆ ಬಿಂಡಿಗದ ದೇವಿರಮ್ಮನ ಬೆಟ್ಟಕ್ಕೆ ಸಾವಿರಾರು ಭಕ್ತರು ಹತ್ತುತ್ತಾರೆ, ಡಿಸೆಂಬರಿನಲ್ಲಿ ದತ್ತ ಜಯಂತಿಯ ಸುತ್ತಮುತ್ತ ಗಿರಿ ಪ್ರದೇಶಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ಆ ದಿನಗಳನ್ನು ಪಂಚಾಂಗ ನೋಡಿಯೇ ಬಿಟ್ಟುಬಿಡಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ನಡಿಗೆಗೆ ಹದವಾದ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಹೆಚ್ಚು, ಆದರೂ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಕಂಪು ಬರುತ್ತದಲ್ಲ, ಅದಕ್ಕೋಸ್ಕರ ಬೆವರು ಸುರಿಸಿದರೂ ನಷ್ಟವಿಲ್ಲ. ಕಾರೇ ಬೇಕೆಂದೂ ಇಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರೈಲಿನಲ್ಲಿ ಕಡೂರಿಗೆ ಬಂದರೆ ಅಲ್ಲಿಂದ ಊರು ಸುಮಾರು 40 ಕಿ.ಮೀ., ಬಸ್ಸುಗಳಿವೆ. ಹಾಸನದ ಕಡೆಯಿಂದ ಬರುವವರಿಗೆ ಬೇಲೂರು ದಾರಿಯಲ್ಲೇ ಸಿಗುತ್ತದೆ.

ಹತ್ತಲು ಸರ್ಪದಾರಿಯೇ ಸರಿ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಗಿರಿಯ ರಸ್ತೆಯ ಅಂಚಿನಿಂದ ಶುರುವಾಗುವ ಈ ಕಾಲುದಾರಿ ಹಾವಿನಂತೆ ಹೊರಳಿಕೊಂಡು ಗುಡ್ಡದ ಏಣಿನ, ಅಂದರೆ ಬೆನ್ನುಸಾಲಿನ, ಮೇಲೆ ಮೂರು, ನಾಲ್ಕು ಕಿ.ಮೀ. ಏರುತ್ತದೆ. ಅಭ್ಯಾಸವಿದ್ದವರಿಗೆ ಒಂದೂವರೆ ತಾಸು, ಇಲ್ಲದವರಿಗೆ ಎರಡೂವರೆ. ದೂರ ಕಡಿಮೆ ಎಂದು ಸಲೀಸಾಗಿ ತೆಗೆದುಕೊಂಡವರೇ ಅರ್ಧದಲ್ಲಿ ಕೂರುವುದು. ಕಾರಣ ಎರಡು. ದಾರಿಯುದ್ದಕ್ಕೂ ಹುಲ್ಲುಗಾವಲು, ನೆರಳಿಲ್ಲ. ಹತ್ತು ಗಂಟೆಯ ಮೇಲೆ ಬಿಸಿಲು ನೆತ್ತಿಗೇ ಬೀಳುತ್ತದೆ. ಇನ್ನೊಂದು, ನಂಬಿಕೊಳ್ಳುವಂಥ ನೀರಿನ ಒರತೆ ದಾರಿಯಲ್ಲಿ ಇಲ್ಲ. ಆದ್ದರಿಂದ ತಲಾ ಎರಡು ಲೀಟರ್ ನೀರು, ಅದೂ ಇಬ್ಬರ ಚೀಲದಲ್ಲೂ ಬೇರೆ ಬೇರೆ. ಒಬ್ಬರೇ ಹೊತ್ತರೆ ಭಾರ ಒಬ್ಬರಿಗೆ, ಮಂಜಿನಲ್ಲಿ ಹತ್ತು ನಿಮಿಷ ಅಗಲಿದರೆ ಬಾಯಾರಿಕೆ ಇನ್ನೊಬ್ಬರಿಗೆ. ಎರಡರಲ್ಲಿ ಒಂದು ಬಾಟಲಿಗೆ ಅಳತೆ ಮಾಡಿ ಬೆರೆಸಿ: ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕಣ್ಣಂದಾಜಿಗೆ ಹಾಕಬೇಡಿ, ಹೆಚ್ಚಾದರೆ ಹೊಟ್ಟೆ ತೊಳಸುತ್ತದೆ.

ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,090 ಮೀಟರ್ ಎತ್ತರದಲ್ಲಿದೆ. ತುದಿ ಅದಕ್ಕಿಂತ 840 ಮೀಟರ್ ಮೇಲೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಲೆಕ್ಕ ಹಾಕಿದರೆ ಊರಿಗಿಂತ ಅಲ್ಲಿ ಐದಾರು ಡಿಗ್ರಿ ಕಡಿಮೆ, ಜೊತೆಗೆ ಗಾಳಿ. ಬೆವರಿ ಒದ್ದೆಯಾದ ಹತ್ತಿಯ ಬನಿಯನ್ನಿನಲ್ಲಿ ಆ ಗಾಳಿಗೆ ನಿಂತರೆ ಐದು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತದೆ. ಮೈಗೆ ಬೇಗ ಒಣಗುವ ಬಟ್ಟೆ, ಚೀಲದಲ್ಲಿ ಗಾಳಿ ತಡೆಯುವ ತೆಳು ಜಾಕೆಟ್ ಇಬ್ಬರಿಗೂ ಇರಲಿ. ಕಾಲುಚೀಲವೂ ಅಷ್ಟೆ, ಹತ್ತಿಯದು ಬೆವರು ಹಿಡಿದಿಟ್ಟು ಬೊಬ್ಬೆ ಎಬ್ಬಿಸುತ್ತದೆ. ಉಣ್ಣೆಯದೋ ಸಿಂಥೆಟಿಕ್‌ನದೋ ಹಾಕಿ. ಹೊಸ ಬೂಟಿನಲ್ಲಿ ಗಿರಿ ಹತ್ತಲು ಹೊರಡಬೇಡಿ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ. ಇಳಿಯುವಾಗ ಪಾದ ಬೂಟಿನೊಳಗೆ ಮುಂದೆ ಜಾರಿ ಹೆಬ್ಬೆರಳ ಉಗುರು ಗೋಡೆಗೆ ಬಡಿಯುತ್ತಲೇ ಇರುತ್ತದೆ, ಉಗುರು ಕಪ್ಪಾಗುವುದು ಹಾಗೆ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ ಲೇಸನ್ನು ಕಣಕಾಲ ಹತ್ತಿರ ಬಿಗಿದರೆ ಜಾರುವುದಿಲ್ಲ.

ಇಬ್ಬರ ನಡಿಗೆಯಲ್ಲಿ ಹದ ತಪ್ಪುವುದು ವೇಗದಿಂದ. ಚುರುಕಾದವರು ಮುಂದೆ ಹೋಗಿ ಕಾಯುತ್ತಾರೆ, ನಿಧಾನದವರು ಬಂದು ಮುಟ್ಟಿದ ಕೂಡಲೇ ಮತ್ತೆ ಹೊರಡುತ್ತಾರೆ. ಒಬ್ಬರಿಗೆ ಎರಡು ಪಾಲು ವಿಶ್ರಾಂತಿ, ಇನ್ನೊಬ್ಬರಿಗೆ ಒಂದೂ ಇಲ್ಲ. ನಿಧಾನದವರೇ ಮುಂದೆ ನಡೆಯಲಿ. ಮಾತಾಡುತ್ತಾ ಏರಲು ಆಗುವಷ್ಟೇ ವೇಗ, ಮಾತು ತುಂಡಾಗತೊಡಗಿದರೆ ನಿಲ್ಲಿ. ಮುಕ್ಕಾಲು ಗಂಟೆಗೊಮ್ಮೆ ಐದು ನಿಮಿಷ ಸಾಕು, ಇಪ್ಪತ್ತು ನಿಮಿಷ ಕೂತರೆ ಕಾಲು ಬಿಗಿಯುತ್ತದೆ. ಮಂಡಿ ನೋವು ಬರುವುದು ಹತ್ತುವಾಗಲ್ಲ, ಇಳಿಯುವಾಗ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಮಡಿಸಿರಲಿ, ಕೈಯಲ್ಲೊಂದು ಕೋಲಿರಲಿ.

ಮಂಜಿನ ಮಾತು ಬೇರೆಯೇ ಹೇಳಬೇಕು. ಗಿರಿಯ ಮಂಜು ತಿಳಿಸಿ ಬರುವುದಿಲ್ಲ. ಎದುರಿನ ಏಣು ಕಾಣುತ್ತಿದ್ದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಇರುವುದಿಲ್ಲ, ಹತ್ತು ಹೆಜ್ಜೆ ಮುಂದಿರುವವರ ಚೀಲದ ಬಣ್ಣವೂ ಕರಗುತ್ತದೆ. ಆಗ ಅಡ್ಡದಾರಿ ಹಿಡಿಯುವವರೇ ದಾರಿ ತಪ್ಪುವುದು. ದನಗಳು ತುಳಿದ ಜಾಡು ಕಾಲುದಾರಿಯಂತೆಯೇ ಕಂಡು ಇಳಿಜಾರಿಗೆ ಒಯ್ಯುತ್ತದೆ. ನಿಂತಲ್ಲೇ ನಿಲ್ಲಿ, ತೆರೆ ಸರಿಯುವವರೆಗೆ ಕಾಯಿರಿ. ನಕ್ಷೆಯನ್ನು ಊರಲ್ಲೇ ಫೋನಿಗೆ ಇಳಿಸಿಕೊಳ್ಳಿ, ಮೇಲೆ ಸಿಗ್ನಲ್ ನೆಚ್ಚುವಂತಿಲ್ಲ. ಒಂದು ಫೋನ್ ಆಫ್ ಮಾಡಿಟ್ಟಿರಿ. ಗುಡುಗು ಕೇಳಿದರೆ ತುದಿಯ ಆಸೆ ಬಿಟ್ಟು ಕೂಡಲೇ ಏಣಿನಿಂದ ಇಳಿಯಬೇಕು. ಬೋಳು ನೆತ್ತಿಯ ಮೇಲೆ ಎತ್ತರದ ವಸ್ತು ಎಂದರೆ ನೀವೇ.

ಮಳೆಗಾಲದಲ್ಲಿ ಗುಡ್ಡಗಳ ಕಣಿವೆಯಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚಿನ ದಾರಿಗಳಿಗೆ ಹೋದರೆ ಇಂಬಳ (ಜಿಗಣೆ) ಖಂಡಿತ. ಹತ್ತಿದ್ದನ್ನು ಕಿತ್ತೆಳೆಯಬೇಡಿ. ಉಪ್ಪಿನ ಗಂಟು ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ನಿಲ್ಲದಿದ್ದರೆ ಹೆದರಬೇಕಿಲ್ಲ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಬೇಸಿಗೆಯಲ್ಲಿ ಒಣಹುಲ್ಲು, ಒಂದು ಬೀಡಿ ಕಿಡಿಗೆ ಗುಡ್ಡವೇ ಹೊತ್ತುತ್ತದೆ. ಈ ಹುಲ್ಲೇ ಮಳೆನೀರನ್ನು ಹಿಡಿದು ಯಗಚಿ, ವೇದಾವತಿ ನದಿಗಳಿಗೆ ಹನಿಹನಿಯಾಗಿ ಕೊಡುವುದು ಎಂಬುದು ಕೆಳಗಿನ ಊರಿನವರಿಗೆ ನೆನಪಿರಬೇಕು.

ಕುದುರೆಮುಖದ ಹೆಸರನ್ನೂ ಅನೇಕರು ಇದೇ ಎರಡು ದಿನಕ್ಕೆ ಸೇರಿಸುತ್ತಾರೆ. ಬೇಡ. ಅದು ಹೋಗಿಬರಲು ಇಪ್ಪತ್ತು ಕಿ.ಮೀ. ಮೀರಿದ ಪೂರ್ತಿ ದಿನದ ನಡಿಗೆ, ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಅನುಮತಿ ಪಡೆಯಬೇಕು, ಕಳಸದ ಕಡೆ ತಂಗಬೇಕು. ಇನ್ನೊಂದು ಸಣ್ಣ ನಡಿಗೆ ಬೇಕೆನ್ನುವವರಿಗೆ ಕೆಮ್ಮಣ್ಣುಗುಂಡಿಯ ಝಡ್ ಪಾಯಿಂಟ್ ಇದೆ, ಮೂಡಿಗೆರೆ ಕಡೆ ಹೋದರೆ ಎತ್ತಿನಭುಜ.

ಈಗ ಊಟದ ವಿಷಯ. ಹತ್ತುವ ಬೆಳಗ್ಗೆ ಬೆಣ್ಣೆ ಮಸಾಲೆ ದೋಸೆ ತಿನ್ನಬೇಡಿ. ಟೌನ್ ಕ್ಯಾಂಟೀನಿನ ದೋಸೆಗೆ ಊರೆಲ್ಲ ಹೆಸರಿದೆ, ನಿಜ, ಆದರೆ ಅದರ ಬೆಣ್ಣೆ ಮೊದಲ ಏರಿನಲ್ಲೇ ಎದೆಗೆ ಬರುತ್ತದೆ. ಎರಡು ಇಡ್ಲಿ, ಒಂದು ಬಾಳೆಹಣ್ಣು ತಿಂದು ಹೊರಡಿ. ದೋಸೆ ಇಳಿದ ಮೇಲಿನ ಹಕ್ಕು. ದಾರಿಗೆ ಬುತ್ತಿಯಾಗಿ ಮಲೆನಾಡಿನ ಅಕ್ಕಿರೊಟ್ಟಿಗಿಂತ ಒಳ್ಳೆಯದಿಲ್ಲ. ಈರುಳ್ಳಿ, ಸಬ್ಬಸಿಗೆ ಹಾಕಿ ತಟ್ಟುವ ಬಯಲುಸೀಮೆಯ ರೊಟ್ಟಿ ಅಲ್ಲ ಇದು. ಒಂದು ಲೋಟ ನೀರು ಉಪ್ಪು ಹಾಕಿ ಕುದಿಸಿ, ಅದೇ ಲೋಟದಲ್ಲಿ ಒಂದು ಅಕ್ಕಿಹಿಟ್ಟು ಸುರಿದು ಮುಚ್ಚಿ ಬೇಯಿಸಿ, ಕೈ ಸುಡುವಾಗಲೇ ನಾದಿ, ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಕಡೆ ಬಾಡಿಸಿ ಕೆಂಡದ ಮೇಲೆ ಉಬ್ಬಿಸುವುದು. ಹಿಟ್ಟು ಆರಿದ ಮೇಲೆ ನಾದಿದರೆ ಅಂಚು ಒಡೆಯುತ್ತದೆ. ಇದನ್ನು ಬಿಸಿಯಾಗಿಯೇ ಫಾಯಿಲ್‌ನಲ್ಲಿ ಸುತ್ತಿದರೆ ಬೆವೆತು ಅಂಟಂಟಾಗುತ್ತದೆ. ಬೆಂಕಿಯ ಮೇಲೆ ಬಾಡಿಸಿದ ಬಾಳೆಲೆ ಹರಿಯುವುದಿಲ್ಲ, ಅದರಲ್ಲಿ ಚಟ್ನಿಪುಡಿ ಸವರಿ ಸುತ್ತಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಎಲೆ ಮಾತ್ರ ಮರಳಿ ಚೀಲಕ್ಕೇ. ಹೋಂಸ್ಟೇಯವರಿಗೆ ಹಿಂದಿನ ರಾತ್ರಿ ಹೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ. ಜೊತೆಗೆ ಕಡಲೆಬೀಜದ ಚಿಕ್ಕಿ, ಎರಡು ಕಿತ್ತಳೆ.

ರಾತ್ರಿಗೆ ಕಡುಬು, ಕೋಳಿ ಸಾರು. ಅಕ್ಕಿತರಿಯನ್ನು ನೀರಲ್ಲಿ ಗಟ್ಟಿಯಾಗಿ ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸಿದ ಕಡುಬನ್ನು ಮುರಿದಾಗ ಒಳಗೆ ತರಿ ತರಿಯಾಗಿ ಕಾಣಬೇಕು, ಸಾರನ್ನು ಹೀರಬೇಕು. ಮಾಂಸ ತಿನ್ನದವರಿಗೆ ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ಪಲ್ಯ, ಪತ್ರೊಡೆ ಉಂಟು. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಿದ ಮನೆಯಲ್ಲಷ್ಟೇ ತಿನ್ನಿ, ಹಸಿಯದರಲ್ಲಿ ವಿಷದಂಶವಿದೆ.

ಕುಡಿತದ ಬಗ್ಗೆಯೂ ನೇರವಾಗಿ ಹೇಳಬೇಕು. ಹತ್ತುವ ಹಿಂದಿನ ರಾತ್ರಿ ಮದ್ಯ ಬೇಡ. ಅದು ಮೂತ್ರ ಹೆಚ್ಚಿಸಿ ಮೈಯ ನೀರನ್ನು ಬಸಿದುಬಿಡುತ್ತದೆ, ನಿದ್ದೆಯನ್ನು ಅರೆಬರೆ ಮಾಡುತ್ತದೆ. ಬೇಕೆನ್ನುವವರು ಇಳಿದು ಬಂದು, ಲೀಟರ್ ನೀರು ಕುಡಿದು, ಊಟದ ಜೊತೆ, ತಂಗಿದ ಜಾಗಕ್ಕೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಕುಡಿಯಲಿ. ಗಿರಿಯ ಮೇಲೆ ಬಾಟಲಿ ಒಯ್ಯುವುದನ್ನಂತೂ ಯಾವ ಕಾರಣಕ್ಕೂ ಒಪ್ಪಲಾಗದು. ಒಡೆದ ಗಾಜು ಹುಲ್ಲಿನೊಳಗೆ ಕಾಣುವುದಿಲ್ಲ, ಸೀಳುವುದು ಮೇಯಲು ಬಂದ ದನದ ಗೊರಸನ್ನು, ಹರಕೆ ಹೊತ್ತು ಬರಿಗಾಲಲ್ಲಿ ಬಂದವರ ಪಾದವನ್ನು.

ಈ ಊರಿನ ನಿಜವಾದ ಪಾನೀಯ ಕಾಫಿ. ಸೂಫಿ ಸಂತ ಬಾಬಾ ಬುಡನ್ 1670ರ ಸುಮಾರಿಗೆ ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ಬಿತ್ತಿದರು ಎನ್ನುವ ಗಿರಿಸಾಲನ್ನೇ ನೋಡಿ ಬಂದು, ಊರಲ್ಲಿ ಸ್ಯಾಷೆ ಪುಡಿಯ ಕಾಫಿ ಕುಡಿದು ಹೋಗುವುದು ಅನ್ಯಾಯ. ಮೂರನೆಯ ಬೆಳಗ್ಗೆಯನ್ನು ಇದಕ್ಕೇ ಇಡಿ. ಕಾಫಿ ಮಂಡಳಿಯ ಕಾಫಿ ಯಾತ್ರಾ ಸಂಗ್ರಹಾಲಯ ನೋಡಿ, ಎಂ.ಜಿ. ರಸ್ತೆಯ ಪುಡಿ ಅಂಗಡಿಗೆ ಬನ್ನಿ. ಪ್ಲಾಂಟೇಶನ್ ಎ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ, ಪೀಬೆರಿ ಎಂದರೆ ಹಣ್ಣಿಗೊಂದೇ ಗುಂಡುಬೀಜ, ಚೆರಿ ಎಂದರೆ ಹಣ್ಣನ್ನೇ ಒಣಗಿಸಿದ್ದು. ಕಾಲು ಕಿಲೋ ಮಾತ್ರ ಕೊಳ್ಳಿ, ತಿಂಗಳಾಚೆ ಪರಿಮಳ ಇಳಿಯುತ್ತದೆ. ಚಿಕೋರಿ ಎಷ್ಟು ಎಂದು ಕೇಳಿ, ಬೆರೆಸಿದ ಪ್ಯಾಕೆಟ್ಟಿನ ಮೇಲೆ ಪ್ರಮಾಣ ನಮೂದಿಸಲೇಬೇಕು, ಕಾಫಿಯೇ ಶೇ 51ಕ್ಕೆ ಕಡಿಮೆ ಇರಕೂಡದು. ಗಿರಣಿಯಿಂದ ಬಂದ ಪುಡಿ ಮುಟ್ಟಿದರೆ ಬಿಸಿ ಇರುತ್ತದೆ, ಆರುವವರೆಗೆ ಬಾಯಿ ಕಟ್ಟಬೇಡಿ.

ಫಿಲ್ಟರಿಗೆ ಇಬ್ಬರಿಗೆಂದು ಮೂರು ದೊಡ್ಡ ಚಮಚ ತುಂಬ ಪುಡಿ, ಮೇಲೆ ಒಂದು ಲೋಟಕ್ಕಿಂತ ತುಸು ಹೆಚ್ಚು ಕುದಿ ನಿಂತ ನೀರು, ಡಿಕಾಕ್ಷನ್ ಇಳಿಯಲು ಹದಿನೈದು ಇಪ್ಪತ್ತು ನಿಮಿಷ. ಫಿಲ್ಟರ್ ಇಳಿಯದೇ ನಿಂತಿತೆಂದರೆ ಪುಡಿ ತೀರ ನುಣುಪು, ಇಲ್ಲವೇ ಒತ್ತುಬಿಲ್ಲೆಯನ್ನು ಬಲವಾಗಿ ಅದುಮಿದ್ದೀರಿ. ಸರ್ರನೆ ಇಳಿದರೆ ತರಿ ದಪ್ಪ, ಡಿಕಾಕ್ಷನ್ ನೀರು ನೀರು. ಡಿಕಾಕ್ಷನ್ನನ್ನು ಉರಿಯ ಮೇಲಿಟ್ಟು ಬಿಸಿ ಮಾಡಿದರೆ ಕಹಿ ಏರುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಹೋಟೆಲಿನಲ್ಲಾದರೆ ಬೈಟು ಹೇಳಿ, ಆರುವ ಮೊದಲೇ ಮುಗಿಯುತ್ತದೆ, ಬೇಕಾದರೆ ಇನ್ನೊಂದು ಬೈಟು.

ಆಡಳಿತಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ನೋಂದಣಿಯಲ್ಲಿ ಕಾಲ್ನಡಿಗೆಯವರಿಗೆಂದೇ ಒಂದು ವಿಭಾಗ ಮಾಡಿ, ಅವರಿಗೆ ಬೆಳಕು ಹರಿಯುವ ಹೊತ್ತಿಗೇ ಪ್ರವೇಶ ಕೊಡಲಿ. ಬಸ್‌ ನಿಲ್ದಾಣದಿಂದ ಸರ್ಪದಾರಿಯ ಬುಡಕ್ಕೆ ನಸುಕಿನಲ್ಲಿ ಒಂದು ಮಿನಿ ಬಸ್, ಹನ್ನೊಂದರ ಸುಮಾರಿಗೆ ಹಿಂತಿರುಗಲು ಒಂದು, ಇಷ್ಟನ್ನು ಕೆಎಸ್‌ಆರ್‌ಟಿಸಿ ಮಾಡಿದರೆ ಹತ್ತಾರು ಕಾರು ಊರಲ್ಲೇ ಉಳಿಯುತ್ತವೆ. ಈಗ ಆಟೊ, ಜೀಪಿನವರಿಗೆ ಬಿಟ್ಟುಹೋಗುವಾಗಲೇ ವಾಪಸ್ ಬರುವ ಹೊತ್ತು ಹೇಳಿಡಬೇಕಾಗಿದೆ, ಮೇಲಿಂದ ಕರೆ ಮಾಡೋಣವೆಂದರೆ ಸಿಗ್ನಲ್ ಸಿಕ್ಕರಷ್ಟೇ. ದಾರಿಯ ಬುಡದಲ್ಲಿ ಹೆಂಗಸರು ಬಳಸಬಹುದಾದ ಶೌಚಾಲಯ, ಬಾಟಲಿ ತುಂಬಿಕೊಳ್ಳಲು ಒಂದು ನಲ್ಲಿ, ಏಣಿನ ಮೇಲೆ ಇನ್ನೂರು ಮೀಟರಿಗೊಂದು ಮಂಜಿನಲ್ಲೂ ಕಾಣುವಂತೆ ಸುಣ್ಣ ಬಳಿದ ಕಲ್ಲು ಬೇಕು. ಮಳೆ ನಿಂತು ಮುಂದಿನ ಅಕ್ಟೋಬರ್‌ನಲ್ಲಿ ಜನ ಬರತೊಡಗುವ ಮುಂಚೆ ಆ ಕಲ್ಲುಗಳಿಗಾದರೂ ಸುಣ್ಣ ಬೀಳಲಿ.

— ಚಾರಣಾಸಕ್ತ ದಂಪತಿ, ಚಿಕ್ಕಮಗಳೂರು