ದೊಡ್ಡ ಬಾಯ್ಲರ್ ಯಾಕೆ ಬೇಡ ಅಂದರೆ

ಅಪ್ಪಾ, ನಮಸ್ಕಾರ.

ನಾವೆಲ್ಲ ಆರಾಮಾಗಿದ್ದೇವೆ. ಹೋದ ಸಲ ಫೋನಿನಲ್ಲಿ "ಚಳಿ ದೇಶ, ಇರೋದರಲ್ಲೇ ದೊಡ್ಡ ಬಾಯ್ಲರ್ ತಂದು ಹಾಕಿಸಿಬಿಡು, ಅದಕ್ಕೇನು ಇಷ್ಟೊಂದು ಯೋಚನೆ" ಅಂದಿರಿ. ನೋಡೋಕೆ ಬಂದ ಗ್ಯಾಸ್ ಕೆಲಸದವನೂ ಅದನ್ನೇ ಹೇಳಿದ. ಆದರೂ ನಾನು ಒಪ್ಪಲಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ನಿಮಗೆ ಮೆಷೀನ್ ವಿಷಯ ಅಂದರೆ ಇಷ್ಟ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಬೆಚ್ಚಗಿಡಲು ಬಾಯ್ಲರ್ ಗ್ಯಾಸ್ ಉರಿಸಿ ನೀರು ಕಾಯಿಸುತ್ತದೆ. ಒಂದು ಪಂಪು ಆ ನೀರನ್ನು ಪ್ರತಿ ಕೋಣೆಯ ರೇಡಿಯೇಟರಿಗೆ ತಳ್ಳುತ್ತದೆ, ಅಲ್ಲಿ ಬಿಸಿ ಬಿಟ್ಟುಕೊಟ್ಟು ನೀರು ವಾಪಸ್ ಬರುತ್ತದೆ. ಅದೇ ನೀರು ವರ್ಷಗಟ್ಟಲೆ ಹೀಗೇ ಸುತ್ತುತ್ತಿರುತ್ತದೆ. ನಲ್ಲಿಯಲ್ಲಿ ಬರುವ ಬಿಸಿನೀರು ಬೇರೆ. ನಾವು ಹಾಕಿಸಿರುವ ಕಾಂಬಿಯಲ್ಲಿ (ರೇಡಿಯೇಟರಿನ ನೀರನ್ನೂ ನಲ್ಲಿ ನೀರನ್ನೂ ತಾನೇ ಕಾಯಿಸುವ ಬಾಯ್ಲರ್) ಅದಕ್ಕೆ ಟ್ಯಾಂಕ್ ಇಲ್ಲ, ನಲ್ಲಿ ತಿರುಗಿಸಿದಾಗಲೇ ಕಾಯುತ್ತದೆ. ಎರಡು ಬಾತ್‌ರೂಮಿನಲ್ಲಿ ಒಟ್ಟಿಗೆ ಸ್ನಾನಕ್ಕೆ ನಿಂತರೆ ಇಬ್ಬರಿಗೂ ಸಣ್ಣ ಧಾರೆಯೇ ಗತಿ. ಮನೆತುಂಬ ಜನ ಇರುವವರು ಟ್ಯಾಂಕ್ ಇರುವ ಬಗೆಯದನ್ನೇ ತೆಗೆದುಕೊಳ್ಳಬೇಕು. ನಮಗೆ ಬೇಕಾಗಲಿಲ್ಲ.

ಈಗ ದೊಡ್ಡದು, ಚಿಕ್ಕದರ ವಿಷಯ. ನೀವೇ ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 10 ಲೀಟರ್ ನೀರನ್ನು 35 ಡಿಗ್ರಿ ಏರಿಸಬೇಕಾದರೆ ಸುಮಾರು 24 ಕಿಲೋವ್ಯಾಟ್ ಬೇಕು. ಕಾಂಬಿ ಬಾಯ್ಲರುಗಳ ಮೇಲೆ ಬರೆದಿರುವ ದೊಡ್ಡ ಅಂಕಿ ಈ ಸ್ನಾನದ ನೀರಿಗಾಗಿ ಇರುವುದು. ಗೋಡೆ, ಕಿಟಕಿ ಭದ್ರವಾಗಿರುವ ನಮ್ಮಂಥ ಸಣ್ಣ ಮನೆಯನ್ನು ಬೆಚ್ಚಗಿಡಲು ಒಳ್ಳೆ ಚಳಿಯಲ್ಲೂ ಅದರ ಅರ್ಧ ಕೂಡ ಬೇಡ. ಹಾಗಾಗಿ ನಾನು ಎಲ್ಲರನ್ನೂ ಕೇಳಿದ್ದು ಎಷ್ಟು ಮೇಲೆ ಹೋಗುತ್ತದೆ ಅಂತಲ್ಲ, ಎಷ್ಟು ಕೆಳಗೆ ಇಳಿಯುತ್ತದೆ ಅಂತ. ಚಳಿ ಕಡಿಮೆ ಇರುವ ದಿನ ಮನೆಗೆ 3 ಕಿಲೋವ್ಯಾಟ್ ಸಾಕು ಅನ್ನುವಾಗ ಬಾಯ್ಲರ್ 8ಕ್ಕಿಂತ ಕೆಳಗೆ ಇಳಿಯದಿದ್ದರೆ ಏನಾಗುತ್ತೆ? ಹತ್ತಿಕೊಳ್ಳುತ್ತದೆ, ಎರಡು ನಿಮಿಷಕ್ಕೆ ಜಾಸ್ತಿ ಕಾದು ಆರುತ್ತದೆ, ಮತ್ತೆ ಹತ್ತಿಕೊಳ್ಳುತ್ತದೆ. ಸಿಗ್ನಲ್ಲಿಗೊಮ್ಮೆ ನಿಲ್ಲುವ ಸಿಟಿ ಬಸ್ಸಿನ ಹಾಗೆ, ಗ್ಯಾಸೂ ದಂಡ, ಒಳಗಿನ ಭಾಗಗಳೂ ಬೇಗ ಸವೆಯುತ್ತವೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಓಡುವುದೇ ಒಳ್ಳೆಯದು.

ಇನ್ನೊಂದು ವಿಷಯ ನಿಮಗೆ ಖಂಡಿತ ಇಷ್ಟವಾಗುತ್ತೆ. ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದಲ್ಲ, ಹಳೇ ಬಾಯ್ಲರುಗಳು ಅದನ್ನು ಬಿಸಿಯ ಸಮೇತ ಹೊರಗೆ ಬಿಟ್ಟುಬಿಡುತ್ತಿದ್ದವು. ಈಗಿನವು ಆ ಆವಿಯನ್ನು ಒಳಗೇ ನೀರು ಮಾಡಿ ಅದರ ಬಿಸಿಯನ್ನೂ ಹೀರಿಕೊಳ್ಳುತ್ತವೆ. ಆದರೆ ರೇಡಿಯೇಟರುಗಳಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ನಡೆಯುತ್ತದೆ. ಜನ ಬಾಯ್ಲರಿನಿಂದ ಹೊರಡುವ ನೀರನ್ನು 75, 80 ಡಿಗ್ರಿಗೆ ಇಟ್ಟು ಸುಮ್ನೆ ಕೂರುತ್ತಾರೆ, ಆಮೇಲೆ ಹೊಸ ಬಾಯ್ಲರ್ ಹಾಕಿಸಿದರೂ ಬಿಲ್ ಇಳಿಯಲಿಲ್ಲ ಅಂತ ಗೊಣಗುತ್ತಾರೆ. ನಾನು 60ಕ್ಕೆ ಇಳಿಸಿದ್ದೇನೆ. ಮನೆ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ. (ಟ್ಯಾಂಕ್ ಇರುವವರು ಹೀಗೆ ಇಳಿಸುವಾಗ ಹುಷಾರಾಗಿರಬೇಕು. ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು.)

ಆವಿಯಿಂದ ಆದ ನೀರು ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಆ ಪೈಪು ಗೋಡೆಯಾಚೆ ಉದ್ದ ಇದ್ದರೆ ಕೊರೆಯುವ ಚಳಿಯಲ್ಲಿ ನೀರು ಗಟ್ಟಿ ಕಟ್ಟುತ್ತದೆ, ಬಾಯ್ಲರ್ ಗೊಳಗೊಳ ಸದ್ದು ಮಾಡಿ ನಿಂತೇಬಿಡುತ್ತದೆ. ಬಿಸಿ ಬೇಕೇಬೇಕು ಅನ್ನುವ ದಿನವೇ! ಉಗುರುಬೆಚ್ಚಗಿನ ನೀರು ಸುರಿದರೆ ಬಿಟ್ಟುಕೊಳ್ಳುತ್ತದೆ, ಕುದಿಯುವ ನೀರು ಹಾಕಬಾರದು. ನಾವು ದಪ್ಪ ಪೈಪು ಹಾಕಿಸಿ ಮೇಲೆ ಫೋಮ್ ಸುತ್ತಿಸಿದ್ದೇವೆ.

ನೋಡಿಕೊಳ್ಳುವುದು ಕಷ್ಟವೇನಿಲ್ಲ. ತಣ್ಣಗಿರುವಾಗ ಪ್ರೆಷರ್ ಮುಳ್ಳು 1 ರಿಂದ 1.5 ಬಾರ್ ನಡುವೆ ಇರಬೇಕು. ಇಳಿದರೆ ಒಂದು ವಾಲ್ವ್ ತಿರುಗಿಸಿ ನೀರು ತುಂಬಿಸಬಹುದು. ಆದರೆ ವಾರವಾರವೂ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ, ಹಾಗೇ ತುಂಬಿಸುತ್ತಾ ಹೋಗಬಾರದು. ಹೊಸ ನೀರಿನ ಜೊತೆ ಆಮ್ಲಜನಕ ಒಳಗೆ ಬರುತ್ತದೆ, ಕಬ್ಬಿಣ ತುಕ್ಕು ಹಿಡಿದು ಕಪ್ಪು ರಾಡಿಯಾಗುತ್ತದೆ. ಒಳ್ಳೆ ಬಾಯ್ಲರುಗಳನ್ನು ಕೊಲ್ಲುವುದು ಹೆಚ್ಚಾಗಿ ಈ ರಾಡಿಯೇ. ಹಳೇ ಪೈಪುಗಳನ್ನು ಚೆನ್ನಾಗಿ ತೊಳೆಸದೆ ಹೊಸದನ್ನು ಕೂರಿಸುವುದು ನನ್ನ ಪ್ರಕಾರ ದುಡ್ಡು ನೀರಿಗೆ ಹಾಕಿದಂತೆ. ತೊಳೆಸಿ, ತುಕ್ಕು ತಡೆಯುವ ಔಷಧಿ ಹಾಕಿಸಿ, ಅಯಸ್ಕಾಂತದ ಫಿಲ್ಟರನ್ನೂ ಹಾಕಿಸಿದೆ. ರೇಡಿಯೇಟರ್ ಮೇಲೆ ತಣ್ಣಗಿದ್ದರೆ ಗಾಳಿ ತುಂಬಿದೆ, ಸಣ್ಣ ಕೀಲಿಯಿಂದ ಬಿಡಿಸಬಹುದು. ಕೆಳಗೆ ತಣ್ಣಗಿದ್ದರೆ ರಾಡಿ ಕೂತಿದೆ.

ಬೇಸಿಗೆಯಲ್ಲೂ ಆಗಾಗ ಐದು ನಿಮಿಷ ಹೀಟಿಂಗ್ ಓಡಿಸುತ್ತೇನೆ, ಇಲ್ಲದಿದ್ದರೆ ವಾಲ್ವುಗಳು ಹಿಡಿದುಕೊಳ್ಳುತ್ತವೆ. ವರ್ಷಕ್ಕೊಮ್ಮೆ ಲೈಸೆನ್ಸ್ ಇರುವವರಿಂದಲೇ ಸರ್ವಿಸ್. ಒಳಗಿನ ಮುಚ್ಚಳಕ್ಕೆ ನಾನು ಕೈ ಹಾಕುವುದಿಲ್ಲ, ನಿಮಗೆ ಕೈ ಕಡಿಯುತ್ತೆ ಅಂತ ಗೊತ್ತು.

ಅಮ್ಮ ರಾತ್ರಿಯೆಲ್ಲ ಮನೆಯೊಳಗೆ ಗ್ಯಾಸ್ ಉರಿಯುತ್ತಾ ಅಂತ ಹೆದರಿದ್ದಳಲ್ಲ, ಅವಳಿಗೆ ಹೇಳಿ: ಈ ಬಾಯ್ಲರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುತ್ತದೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಟ್ಟಿದ್ದೇವೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಅಂತ ಮಲಗಿದವರು ಏಳದೇ ಹೋಗಬಹುದು.

ಇದನ್ನು ಬರೆಯುವಾಗ ನನಗೆ ಭಯವಾಗಿದ್ದು ನಮ್ಮ ಬಚ್ಚಲಿನ ಗ್ಯಾಸ್ ಗೀಸರ್ ನೆನಸಿಕೊಂಡು. ಅದಕ್ಕೆ ಹೊಗೆ ಹೋಗುವ ಪೈಪೇ ಇಲ್ಲ, ಅಮ್ಮ ಚಳಿ ಅಂತ ಕಿಟಕಿಯನ್ನೂ ಮುಚ್ಚುತ್ತಾಳೆ. ಪ್ಲಂಬರನ್ನು ಕರೆಸಿ ಗೀಸರನ್ನು ಬಚ್ಚಲಿನಿಂದ ತೆಗೆಸಿ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳಿ. ಖರ್ಚು ನಾನು ಕಳಿಸುತ್ತೇನೆ. ಈ ವಾರವೇ ಮಾಡಿಸಿ, ಭಾನುವಾರ ಫೋನಿನಲ್ಲಿ ಕೇಳುತ್ತೇನೆ.

ನಿಮ್ಮ ಮಗ